ಸಭೆಯಿಂದ ಓಲೆಗೆ: ವಿಶ್ವವಿದ್ಯಾನಿಲಯದ ಸಾರ್ವಜನಿಕ ಉಪನ್ಯಾಸ ಪರಂಪರೆಯ ವಿವೇಚನೆ

1

ವಿಶ್ವವಿದ್ಯಾನಿಲಯಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅಧಿನಿಯಮ, ಕಟ್ಟಡ, ಕುಲಪತಿಗಳ ಅಧಿಕಾರಾವಧಿ, ವಿಭಾಗಗಳ ಸ್ಥಾಪನೆ, ಪದವೀಧರರ ಸಂಖ್ಯೆ ಇವುಗಳನ್ನು ಕ್ರಮವಾಗಿ ದಾಖಲಿಸುತ್ತಾರೆ. ಆವರಣದ ಸಭಾಂಗಣದಲ್ಲಿ ಸಂಜೆಯ ವೇಳೆ ನಡೆಯುವ ಉಪನ್ಯಾಸ, ಕಾವ್ಯವಾಚನ, ನಾಟಕ, ಕವಿಗೋಷ್ಠಿಗಳಿಗೆ ಈ ಚರಿತ್ರೆಯಲ್ಲಿ ದೊರೆಯುವುದು ಒಂದೆರಡು ಸಾಲು ಮಾತ್ರ. ಅಂಥ ಸಭೆಗೆ ಹಾಜರಿ ಪುಸ್ತಕವಿಲ್ಲ, ಕೊನೆಯಲ್ಲಿ ಪರೀಕ್ಷೆಯಿಲ್ಲ, ಅದಕ್ಕೆ ಬಂದವನಿಗೆ ಪ್ರಮಾಣಪತ್ರವೂ ಇಲ್ಲ. ಆದರೆ ನಗರದ ಸಾಮಾನ್ಯ ನಾಗರಿಕನು ವಿಶ್ವವಿದ್ಯಾನಿಲಯವನ್ನು ಪ್ರವೇಶಿಸುವುದು ಬಹುಮಟ್ಟಿಗೆ ಈ ಬಾಗಿಲಿನಿಂದಲೇ.

ಈ ಸಭೆಗೂ ಒಂದು ಚರಿತ್ರೆಯಿದೆ. ಅದನ್ನು ಮೂರು ಪ್ರಶ್ನೆಗಳ ಮೂಲಕ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಸಭೆಯ ವೆಚ್ಚವನ್ನು ವಹಿಸಿದವರು ಯಾರು? ಅಲ್ಲಿ ಆಡಿದ ಮಾತು ಯಾವ ಭಾಷೆಯದು? ಆಡಿದ ಮಾತು ಉಳಿದದ್ದು ಹೇಗೆ? ಮೊದಲನೆಯ ಎರಡು ಪ್ರಶ್ನೆಗಳ ಬಗ್ಗೆ ವಿದ್ವಾಂಸರು ಆಗಾಗ ಚರ್ಚಿಸಿದ್ದಾರೆ. ಮೂರನೆಯದರ ಕಡೆಗೆ ಹರಿದ ಗಮನ ಕಡಿಮೆ. ಆದರೆ ಒಂದು ಉಪನ್ಯಾಸವು ಮುಂದಿನ ತಲೆಮಾರಿನ ಸಂಶೋಧನೆಗೆ ಆಧಾರವಾಗುತ್ತದೆಯೋ ಇಲ್ಲವೋ ಎಂಬುದನ್ನು ನಿರ್ಧರಿಸಿರುವುದು ಈ ಮೂರನೆಯ ಸಂಗತಿಯೇ ಎಂಬುದು ನನ್ನ ಅಭಿಪ್ರಾಯ. ಹೊರನಾಡಿನ ಕನ್ನಡ ವಿಭಾಗಗಳಲ್ಲಿ ಕೆಲಸ ಮಾಡುವವರಿಗೆ ಇದು ನಾಳೆ ನಮ್ಮ ವಿಷಯದಲ್ಲಿ ಬರೆಯುವವನಿಗೆ ಸಾಮಗ್ರಿ ಇರುತ್ತದೆಯೇ ಎಂಬ ಪ್ರಶ್ನೆ.

2

ಸಾರ್ವಜನಿಕ ವಿದ್ಯಾಸಭೆ ಆಧುನಿಕ ವಿಶ್ವವಿದ್ಯಾನಿಲಯದ ಕೊಡುಗೆ ಎಂಬ ಭಾವನೆ ಪೂರ್ಣ ಸತ್ಯವಲ್ಲ. ಕರ್ನಾಟಕದ ಮಧ್ಯಕಾಲೀನ ಶಾಸನಗಳಲ್ಲಿ ವಿದ್ಯಾಸ್ಥಾನಗಳಿಗೆ ಬಿಟ್ಟ ದತ್ತಿಗಳ ವಿವರ ಹೇರಳವಾಗಿ ದೊರೆಯುತ್ತದೆ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೊಟಗಿಯ ಶಾಸನ ಇವುಗಳಲ್ಲಿ ಪ್ರಸಿದ್ಧವಾದುದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಸಚಿವ ನಾರಾಯಣನು ಕಟ್ಟಿಸಿದ ಶಾಲೆಗೆ ಕ್ರಿ.ಶ. 945ರಲ್ಲಿ ದೊರೆತ ದಾನಗಳನ್ನು ಅದು ಎಣಿಸುತ್ತದೆ. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳ ನಿರ್ವಾಹಕ್ಕೆ 500 ನಿವರ್ತನ ಭೂಮಿ, ಅಧ್ಯಾಪಕನಿಗೆ 50 ನಿವರ್ತನ, ದೀಪದ ಎಣ್ಣೆಗೆ 12 ನಿವರ್ತನ, ವಾಸಕ್ಕೆ 27 ಮನೆಗಳು ಎಂದು ಲೆಕ್ಕವಿದೆ. ಇಷ್ಟೇ ಅಲ್ಲದೆ ಊರವರು ತಮ್ಮ ಮನೆಯ ಮದುವೆ, ಉಪನಯನ, ಚೌಲಗಳ ಸಂದರ್ಭದಲ್ಲಿ ಶಾಲೆಗೆ ಗೊತ್ತುಪಡಿಸಿದ ಹಣವನ್ನು ಸಲ್ಲಿಸಬೇಕೆಂಬ ವ್ಯವಸ್ಥೆಯೂ ಇದ್ದಿತು. ಅರಸನ ಆಶ್ರಯದ ಜೊತೆಗೆ ಗೃಹಸ್ಥರ ಕಾಣಿಕೆಯೂ ವಿದ್ಯಾಸ್ಥಾನವನ್ನು ಪೋಷಿಸುತ್ತಿತ್ತೆಂಬುದಕ್ಕೆ ಇದು ಸ್ಪಷ್ಟ ಆಧಾರ. ದೀಪದ ವೆಚ್ಚವನ್ನು ಪ್ರತ್ಯೇಕವಾಗಿ ನಮೂದಿಸಿರುವುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಆ ಮಾತಿಗೆ ಮುಂದೆ ಬರುತ್ತೇನೆ.

ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನಕ್ಕೆ ಸಂಬಂಧಿಸಿದ 1058ರ ಶಾಸನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. 200 ಮಂದಿ ವೇದ ವಿದ್ಯಾರ್ಥಿಗಳು, ಶಾಸ್ತ್ರ ವಿದ್ಯಾರ್ಥಿಗಳು, ಉಪಾಧ್ಯಾಯರು ಇವರ ಜೊತೆಗೆ 6 ಮಂದಿ ಸರಸ್ವತೀ ಭಂಡಾರಿಗರನ್ನೂ ಅದು ಹೆಸರಿಸುತ್ತದೆ. ಸರಸ್ವತೀ ಭಂಡಾರವೆಂದರೆ ಗ್ರಂಥಾಲಯ. ಭಂಡಾರಿಗನೆಂದರೆ ಅದರ ಪಾಲಕ. ಓದಿಸುವವನಿಗೆ ವೃತ್ತಿ ಬಿಟ್ಟಂತೆ ಓಲೆಗಳನ್ನು ಕಾಯುವವನಿಗೂ ವೃತ್ತಿ ಬಿಡಬೇಕೆಂಬ ತಿಳಿವಳಿಕೆ ಹನ್ನೊಂದನೆಯ ಶತಮಾನದಲ್ಲಿಯೇ ಇದ್ದಿತು. ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನವು ವ್ಯಾಕರಣಗಳ ವ್ಯಾಖ್ಯಾನ ನಡೆಯುವ ಸ್ಥಳವೂ ಅದೇ, ಹಸಿದವರಿಗೆ ಅನ್ನ ಮತ್ತು ರೋಗಿಗಳಿಗೆ ಔಷಧ ದೊರೆಯುವ ಸ್ಥಳವೂ ಅದೇ ಎಂದು ಹೇಳುತ್ತದೆ. ವಿದ್ಯೆಯ ಆವರಣವು ಊರಿನ ಬದುಕಿನಿಂದ ಬೇರ್ಪಟ್ಟಿರಲಿಲ್ಲ.

ಆದರೆ ಈ ವಿದ್ಯಾಸ್ಥಾನಗಳ ಒಳಗೆ ಎಲ್ಲರಿಗೂ ಪ್ರವೇಶವಿದ್ದಿತೆಂದು ಭಾವಿಸಲಾಗದು. ವೇದಶಾಸ್ತ್ರಗಳ ಅಧ್ಯಯನ ಕೆಲವರಿಗೆ ಮೀಸಲಾಗಿತ್ತು. ಅಕ್ಷರ ಬಾರದ ಬಹುಜನರನ್ನು ತಲುಪಿದ್ದು ದೇವಾಲಯದ ಮಂಟಪದಲ್ಲಿ ನಡೆದ ಪುರಾಣಪ್ರವಚನ ಮತ್ತು ಊರ ಚಾವಡಿಯಲ್ಲಿ ನಡೆದ ಕಾವ್ಯವಾಚನ. ಒಬ್ಬನು ರಾಗವಾಗಿ ಪದ್ಯವನ್ನು ಓದುವುದು, ಇನ್ನೊಬ್ಬನು ಅದರ ಅರ್ಥವನ್ನು ಬಿಡಿಸಿ ಹೇಳುವುದು ಎಂಬ ಗಮಕದ ಕ್ರಮವು ಕುಮಾರವ್ಯಾಸಭಾರತವನ್ನೂ ಜೈಮಿನಿಭಾರತವನ್ನೂ ಹಳ್ಳಿಹಳ್ಳಿಗೆ ತಲುಪಿಸಿತು. ಓದು ಕಲಿಯದ ಜನರಲ್ಲಿಯೂ ಕಾವ್ಯಪರಿಣತಿಯಿದೆ ಎಂದು ಕವಿರಾಜಮಾರ್ಗವು ಒಂಬತ್ತನೆಯ ಶತಮಾನದಲ್ಲಿಯೇ ಗುರುತಿಸಿತ್ತು. ಕೇಳುವವನಿಗೆ ಏನೂ ತಿಳಿಯದೆಂಬ ಭಾವನೆಯಿಂದ ಹೊರಡುವ ಉಪನ್ಯಾಸಕನು ಈ ಮಾತನ್ನು ನೆನೆಯುವುದು ಒಳ್ಳೆಯದು.

ಉಳಿಸುವ ಪ್ರಶ್ನೆಗೆ ಮಧ್ಯಕಾಲವು ಎರಡು ದೊಡ್ಡ ನಿದರ್ಶನಗಳನ್ನು ನೀಡುತ್ತದೆ. ಮೊದಲನೆಯದು ಅತ್ತಿಮಬ್ಬೆಯದು. ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಆಕೆ ಬರೆಯಿಸಿ ಹಂಚಿದಳು. ಆಕೆಯ ಆಶ್ರಯದಲ್ಲಿ ರನ್ನನು 993ರಲ್ಲಿ ಅಜಿತಪುರಾಣವನ್ನು ರಚಿಸಿದನು. ಕವಿಗೆ ಮನ್ನಣೆ ನೀಡಿದ ದಾನಿಗಳು ಅನೇಕರಿದ್ದಾರೆ. ಕೃತಿಯ ಪ್ರತಿಗಳ ಸಂಖ್ಯೆಯನ್ನು ಕುರಿತು ಯೋಚಿಸಿದ ದಾನಿಗಳು ವಿರಳ. ಶಾಸ್ತ್ರದಾನವೆಂಬ ಜೈನ ಪರಿಕಲ್ಪನೆಯ ಹಿಂದೆ ಇದ್ದದ್ದು ಈ ವ್ಯವಹಾರಜ್ಞಾನ: ಒಂದೇ ಪ್ರತಿಯಿದ್ದರೆ ಗೆದ್ದಲಿಗೆ ಒಂದೇ ಮಳೆಗಾಲ ಸಾಕು.

ಎರಡನೆಯದು ಶೂನ್ಯಸಂಪಾದನೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಕೂಡಿ ನಡೆಸಿದ ಅನುಭವಗೋಷ್ಠಿಯ ಸ್ವರೂಪವನ್ನು ನಾವು ಇಂದು ಕಲ್ಪಿಸಿಕೊಳ್ಳುವುದು ಬಹುಮಟ್ಟಿಗೆ ಈ ಕೃತಿಯ ಮೂಲಕವೇ. ಆದರೆ ಇದು ಗೋಷ್ಠಿಯ ನಡಾವಳಿಯಲ್ಲ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಬಿಡಿ ವಚನಗಳನ್ನು ಸಂವಾದರೂಪದಲ್ಲಿ ಹೊಂದಿಸಿ ಕಟ್ಟಿದ ಸಂಕಲನ. ಅವನ ಅನಂತರ ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯ ಇವರು ಅದನ್ನು ಮತ್ತೆ ಮತ್ತೆ ಪರಿಷ್ಕರಿಸಿದರು. ಸಿದ್ಧರಾಮನ ದೀಕ್ಷೆಯಂಥ ಪ್ರಸಂಗದಲ್ಲಿ ಈ ಸಂಕಲನಕಾರರ ನಿಲವುಗಳು ಪರಸ್ಪರ ಭಿನ್ನವಾಗಿವೆ. ಸಭೆ ನಡೆದ ಕಾಲಕ್ಕೆ ಅದರ ದಾಖಲೆ ಹುಟ್ಟದಿದ್ದರೆ, ಮುಂದೆ ಅದನ್ನು ಕಟ್ಟುವವನು ತನ್ನ ಕಾಲದ ಅಗತ್ಯಕ್ಕೆ ತಕ್ಕಂತೆ ಕಟ್ಟುತ್ತಾನೆ. ಶೂನ್ಯಸಂಪಾದನೆ ಮಹತ್ತ್ವದ ಕೃತಿಯಾದದ್ದು ಸಂಕಲನಕಾರರ ಪ್ರತಿಭೆಯಿಂದ. ಎಲ್ಲ ಸಭೆಗಳಿಗೂ ಅಂಥ ಸಂಕಲನಕಾರರು ದೊರೆಯುವುದಿಲ್ಲ.

3

ಆಧುನಿಕ ವಿಶ್ವವಿದ್ಯಾನಿಲಯದ ಸಾರ್ವಜನಿಕ ಉಪನ್ಯಾಸಕ್ಕೆ ಎರಡು ಮೂಲಗಳಿವೆ. ಒಂದು, ಇಂಗ್ಲೆಂಡಿನ ವ್ಯಾಸಂಗ ವಿಸ್ತರಣ ಚಳವಳಿ. ಕೇಂಬ್ರಿಜಿನ ಜೇಮ್ಸ್ ಸ್ಟುವರ್ಟ್ 1867ರಲ್ಲಿ ಉತ್ತರ ಇಂಗ್ಲೆಂಡಿನ ಪಟ್ಟಣಗಳಲ್ಲಿ ಮಹಿಳೆಯರಿಗಾಗಿ ಉಪನ್ಯಾಸಗಳನ್ನು ನೀಡಿದನು. 1873ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯ ಈ ಕಾರ್ಯವನ್ನು ಅಧಿಕೃತವಾಗಿ ವಹಿಸಿಕೊಂಡಿತು. ಆಕ್ಸ್‌ಫರ್ಡ್ 1878ರಲ್ಲಿ ಅದೇ ದಾರಿ ಹಿಡಿಯಿತು. ಸ್ಟುವರ್ಟನ ಕ್ರಮದಲ್ಲಿ ಕೇಳುಗರ ಕೈಗೆ ಉಪನ್ಯಾಸದ ಸಾರಾಂಶದ ಮುದ್ರಿತ ಹಾಳೆ ಹೋಗುತ್ತಿತ್ತು. ಪ್ರಶ್ನೆಗಳಿಗೆ ಅವರು ಬರೆದು ಉತ್ತರಿಸುತ್ತಿದ್ದರು. ಹೀಗಾಗಿ ಮಾತಿನ ಜೊತೆಗೆ ಬರೆಹವೂ ಹುಟ್ಟುತ್ತಿತ್ತು.

ಇನ್ನೊಂದು ಮೂಲ ಭಾರತದ ದತ್ತಿ ಉಪನ್ಯಾಸ. ಪ್ರಸನ್ನಕುಮಾರ ಟಾಗೋರರ ಮರಣಶಾಸನದ ಪ್ರಕಾರ ಕಲ್ಕತ್ತ ವಿಶ್ವವಿದ್ಯಾನಿಲಯದಲ್ಲಿ ಟಾಗೋರ್ ನ್ಯಾಯಶಾಸ್ತ್ರ ಉಪನ್ಯಾಸಗಳು 1870ರಲ್ಲಿ ಆರಂಭವಾದವು. ಉಪನ್ಯಾಸಗಳನ್ನು ಮುದ್ರಿಸಿ ಉಚಿತವಾಗಿ ಹಂಚಬೇಕೆಂಬ ವ್ಯವಸ್ಥೆ ಆ ದತ್ತಿಯ ಭಾಗವೇ ಆಗಿತ್ತು. ಈ ಮಾಲೆಯ ಅನೇಕ ಸಂಪುಟಗಳು ನ್ಯಾಯಾಲಯಗಳಲ್ಲಿ ಆಕರಗ್ರಂಥಗಳಾಗಿ ಬಳಕೆಗೆ ಬಂದವು.

ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಜಾನ್ ವಿಲ್ಸನ್ ಅವರ ಹೆಸರಿನಲ್ಲಿ ಭಾಷಾಶಾಸ್ತ್ರ ಉಪನ್ಯಾಸಗಳು ಆರಂಭವಾದಾಗ ಮೊದಲ ಉಪನ್ಯಾಸಕರಾದವರು ರಾಮಕೃಷ್ಣ ಗೋಪಾಲ ಭಂಡಾರ್ಕರ್. ಸಂಸ್ಕೃತ ಮತ್ತು ಅದರಿಂದ ಹುಟ್ಟಿದ ಭಾಷೆಗಳನ್ನು ಕುರಿತು 1877ರಲ್ಲಿ ಅವರು ನೀಡಿದ 7 ಉಪನ್ಯಾಸಗಳು ಭಾರತೀಯ ಭಾಷಾಶಾಸ್ತ್ರದ ಇತಿಹಾಸದಲ್ಲಿ ಒಂದು ಮೈಲಿಗಲ್ಲು. ಅವು ಒಂದೇ ಗ್ರಂಥವಾಗಿ ಪೂರ್ಣವಾಗಿ ಹೊರಬಂದದ್ದು 1914ರಲ್ಲಿ, ಅಂದರೆ 37 ವರ್ಷಗಳ ಅನಂತರ. ಭಂಡಾರ್ಕರರು ದೀರ್ಘಾಯುಗಳಾಗಿದ್ದರು, ಅವರ ಬರೆಹವೂ ಸುರಕ್ಷಿತವಾಗಿತ್ತು. ಉಪನ್ಯಾಸಕನ ಆಯುಸ್ಸನ್ನೇ ನಂಬಿಕೊಂಡು ಒಂದು ಮಾಲೆಯನ್ನು ನಡೆಸುವುದು ಕ್ಷೇಮವಲ್ಲವೆಂಬುದನ್ನು ಈ ನಿದರ್ಶನ ತಿಳಿಸುತ್ತದೆ.

4

ಭಾಷೆಯ ಪ್ರಶ್ನೆ ತೀವ್ರವಾಗಿ ಎದ್ದದ್ದು 1916ರಲ್ಲಿ. ಆ ವರ್ಷದ ಫೆಬ್ರುವರಿ 4ರಂದು ಕಾಶಿಯಲ್ಲಿ ಹಿಂದೂ ವಿಶ್ವವಿದ್ಯಾನಿಲಯದ ಶಂಕುಸ್ಥಾಪನೆ ನಡೆಯಿತು. ಅದರ ಅಂಗವಾಗಿ ಏರ್ಪಟ್ಟ ಉಪನ್ಯಾಸಮಾಲೆಯಲ್ಲಿ 6ರಂದು ಮಾತನಾಡಿದ ಗಾಂಧೀಜಿಯವರು, ಆ ಪವಿತ್ರ ನಗರದಲ್ಲಿ ಆ ಮಹಾವಿದ್ಯಾಲಯದ ನೆರಳಿನಲ್ಲಿ ತಮ್ಮ ದೇಶಬಾಂಧವರನ್ನು ಪರಭಾಷೆಯಲ್ಲಿ ಸಂಬೋಧಿಸಬೇಕಾಗಿ ಬಂದದ್ದು ನಾಚಿಕೆಯ ಸಂಗತಿಯೆಂದು ಸಾರಿದರು. ರಾಜಮಹಾರಾಜರ ಆಭರಣಗಳ ಬಗ್ಗೆ ಅವರು ಆಡಿದ ಮಾತಿನಿಂದ ಸಭೆಯಲ್ಲಿ ಗದ್ದಲವೆದ್ದಿತು, ಭಾಷಣ ಪೂರ್ಣಗೊಳ್ಳಲಿಲ್ಲ. ವೇದಿಕೆಯ ಮೇಲೆ ಅರ್ಧಕ್ಕೆ ನಿಂತ ಈ ಭಾಷಣ ವರದಿಯಾಗಿ ಮುದ್ರಣಗೊಂಡದ್ದರಿಂದ ಇಂದಿಗೂ ಉಳಿದಿದೆ.

ಈ ಘಟನೆಗೆ ಕನ್ನಡನಾಡಿನ ಸಂಬಂಧವೂ ಇದೆ. ಕಾಶೀ ವಿಶ್ವವಿದ್ಯಾನಿಲಯದ ಮೊದಲ ಕುಲಾಧಿಪತಿಗಳಾದವರು ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು. ಅದೇ 1916ರ ಜುಲೈ 27ರಂದು ಅವರ ಆಶ್ರಯದಲ್ಲಿಯೇ ಮೈಸೂರು ವಿಶ್ವವಿದ್ಯಾನಿಲಯ ಅಸ್ತಿತ್ವಕ್ಕೆ ಬಂದಿತು. 1918ರ ಮೊದಲ ಘಟಿಕೋತ್ಸವದಲ್ಲಿ ಭಾಷಣ ಮಾಡಿದವರು ಕಲ್ಕತ್ತೆಯ ಆಶುತೋಷ ಮುಖರ್ಜಿ. ಅದೇ 1918ರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಉರ್ದುವನ್ನು ಬೋಧನಮಾಧ್ಯಮವನ್ನಾಗಿ ಮಾಡಿಕೊಂಡು ಭಾರತೀಯ ಭಾಷೆಯೊಂದು ಉನ್ನತ ಶಿಕ್ಷಣದ ಹೊಣೆಯನ್ನು ಹೊರಬಲ್ಲುದೆಂದು ತೋರಿಸಿತು. ಆದರೆ ಆ ರಾಜ್ಯದಲ್ಲಿಯೇ ಇದ್ದ ಕನ್ನಡ, ತೆಲುಗು, ಮರಾಠಿ ಜನರಿಗೆ ಉರ್ದು ಮನೆಮಾತಾಗಿರಲಿಲ್ಲ. ದೇಶಭಾಷೆಯ ವಿಶ್ವವಿದ್ಯಾನಿಲಯವೆಂದ ಮಾತ್ರಕ್ಕೆ ಅದು ಎಲ್ಲರ ಭಾಷೆಯದಾಗುವುದಿಲ್ಲ ಎಂಬುದು ಹೊರನಾಡ ಕನ್ನಡಿಗರಿಗೆ ಅಂದೇ ಅನುಭವಕ್ಕೆ ಬಂದ ಸತ್ಯ. ಕಲ್ಕತ್ತೆಯ ಘಟಿಕೋತ್ಸವದಲ್ಲಿ ಬಂಗಾಳಿ ಭಾಷಣ ಕೇಳಿಬರಲು 1937ರಲ್ಲಿ ರವೀಂದ್ರನಾಥ ಟಾಗೋರರೇ ಬರಬೇಕಾಯಿತು.

5

ಕನ್ನಡದಲ್ಲಿ ವಿದ್ವತ್ಪೂರ್ಣ ಸಾರ್ವಜನಿಕ ಉಪನ್ಯಾಸದ ಪರಂಪರೆ ವಿಶ್ವವಿದ್ಯಾನಿಲಯಕ್ಕಿಂತ ಮೊದಲೇ ಮೊದಲಾಯಿತು. 1890ರಲ್ಲಿ ಸ್ಥಾಪಿತವಾದ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ 1911ರಲ್ಲಿ ಬಿ.ಎಂ. ಶ್ರೀಕಂಠಯ್ಯನವರು ‘ಕನ್ನಡ ಮಾತು ತಲೆಯೆತ್ತುವ ಬಗೆ’ ಎಂಬ ಉಪನ್ಯಾಸ ನೀಡಿದರು. ಮೈಸೂರಿನ ಕಾಲೇಜೊಂದರ ಇಂಗ್ಲಿಷ್ ಅಧ್ಯಾಪಕರು ಮುಂಬಯಿ ಪ್ರಾಂತದ ಊರಿಗೆ ಹೋಗಿ ಕನ್ನಡದ ಭವಿಷ್ಯವನ್ನು ಕುರಿತು ಕನ್ನಡದಲ್ಲಿ ಮಾತನಾಡಿದ್ದು ಏಕೀಕರಣಪೂರ್ವದ ಸನ್ನಿವೇಶದಲ್ಲಿ ಸಾಮಾನ್ಯ ಘಟನೆಯಲ್ಲ.

ವಿಶ್ವವಿದ್ಯಾನಿಲಯದ ಆವರಣದಲ್ಲಿ ಇಂಥ ಸಭೆಗಳನ್ನು ಕಟ್ಟಿದವು ಕಾಲೇಜುಗಳ ಕರ್ನಾಟಕ ಸಂಘಗಳು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಂಘವು ಎ.ಆರ್. ಕೃಷ್ಣಶಾಸ್ತ್ರಿಗಳ ನೇತೃತ್ವದಲ್ಲಿ 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ ತ್ರೈಮಾಸಿಕವನ್ನು ಆರಂಭಿಸಿತು. ಕನ್ನಡದಲ್ಲಿ ಎಂ.ಎ. ಪದವಿಯ ತರಗತಿಗಳು ಮೈಸೂರಿನಲ್ಲಿ ಆರಂಭವಾದದ್ದು 1927ರಲ್ಲಿ. ಅಂದರೆ ತರಗತಿಗಿಂತ 8 ವರ್ಷ ಮೊದಲೇ ಸಂಘವೂ ಪತ್ರಿಕೆಯೂ ಕನ್ನಡ ವಿದ್ವತ್ತಿಗೆ ವೇದಿಕೆಯನ್ನು ಸಿದ್ಧಪಡಿಸಿದ್ದವು. ಅನಂತರ ವಿಶ್ವವಿದ್ಯಾನಿಲಯವೇ ಈ ಪತ್ರಿಕೆಯನ್ನು ವಹಿಸಿಕೊಂಡಿತು. ಸಂಘದ ಸಭೆ ಮತ್ತು ಸಂಘದ ಪತ್ರಿಕೆ ಜೊತೆಜೊತೆಯಾಗಿ ನಡೆದದ್ದು ಈ ಪ್ರಯತ್ನದ ಬಾಳಿಕೆಗೆ ಕಾರಣವೆನ್ನಬಹುದು.

1930ರ ದಶಕದ ಮೈಸೂರಿನಲ್ಲಿ ಎರಡು ಬಗೆಯ ಉಪನ್ಯಾಸಗಳು ಅಕ್ಕಪಕ್ಕದಲ್ಲಿ ಬೆಳೆದವು. ಕವಿಚರಿತೆಯ ಕರ್ತೃಗಳಾದ ಆರ್. ನರಸಿಂಹಾಚಾರ್ಯರು ವಿಶ್ವವಿದ್ಯಾನಿಲಯದ ರೀಡರ್‌ಷಿಪ್ ಉಪನ್ಯಾಸಗಳಲ್ಲಿ ಕನ್ನಡ ಭಾಷೆಯ ಮತ್ತು ಸಾಹಿತ್ಯದ ಚರಿತ್ರೆಯನ್ನು ನಿರೂಪಿಸಿದರು. ಭಾಷಾಚರಿತ್ರೆ 1934ರಲ್ಲಿ ಪುಸ್ತಕವಾಯಿತು. ಸಾಹಿತ್ಯಚರಿತ್ರೆ 1940ರಲ್ಲಿ ಹೊರಬಂದಿತು. ಆ ವೇಳೆಗೆ, 1936ರಲ್ಲಿಯೇ, ಆಚಾರ್ಯರು ತೀರಿಕೊಂಡಿದ್ದರು. ಎರಡೂ ಇಂಗ್ಲಿಷಿನಲ್ಲಿವೆ. ಕನ್ನಡ ಕವಿಗಳ ಚರಿತ್ರೆಯನ್ನು ಕನ್ನಡದಲ್ಲಿಯೇ ಮೂರು ಸಂಪುಟಗಳಲ್ಲಿ ಬರೆದ ವಿದ್ವಾಂಸರು ವಿಶ್ವವಿದ್ಯಾನಿಲಯದ ವೇದಿಕೆಯಲ್ಲಿ ಇಂಗ್ಲಿಷನ್ನು ಬಳಸಿದ್ದು ಆ ಕಾಲದ ವಿದ್ವತ್ತಿನ ರೀತಿ. ಹೊರಗಿನ ವಿದ್ವಾಂಸರಿಗೆ ಕನ್ನಡದ ಪರಿಚಯವಾಗಲು ಈ ಪುಸ್ತಕಗಳು ಬಹುಕಾಲ ನೆರವಾದವೆಂಬುದನ್ನೂ ಮರೆಯಬಾರದು.

ಇನ್ನೊಂದು ಕಡೆ ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳು ಕನ್ನಡದಲ್ಲಿ ನಡೆದವು. ಅಧ್ಯಾಪಕರು ಊರೂರಿಗೆ ಹೋಗಿ ವಿಜ್ಞಾನ, ಚರಿತ್ರೆ, ಅರ್ಥಶಾಸ್ತ್ರ, ಸಾಹಿತ್ಯಗಳನ್ನು ಕುರಿತು ಮಾತನಾಡಿದರು. ಆ ಉಪನ್ಯಾಸಗಳು ಪ್ರಚಾರ ಪುಸ್ತಕಮಾಲೆಯಲ್ಲಿ ಕಿರುಹೊತ್ತಗೆಗಳಾಗಿ ಅಗ್ಗದ ಬೆಲೆಗೆ ದೊರೆತವು. ವಿಜ್ಞಾನವನ್ನು ಕನ್ನಡದಲ್ಲಿ ಹೇಳಲು ಅಗತ್ಯವಾದ ಪದಗಳು ತರಗತಿಯ ಕೋಣೆಗಿಂತ ಮೊದಲು ರೂಢಿಗೆ ಬಂದದ್ದು ಇಂಥ ವೇದಿಕೆಗಳಲ್ಲಿ. ಕೇಳುಗನಿಗೆ ತಿಳಿಯಬೇಕೆಂಬ ಒತ್ತಾಯವೇ ಉಪನ್ಯಾಸಕನಿಂದ ಪದಗಳನ್ನು ಹುಟ್ಟಿಸಿತು. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಸ್ಥಾಪಿಸಿ ‘ಆಕಾಶವಾಣಿ’ ಎಂಬ ಹೆಸರಿಟ್ಟು ನಡೆಸಿದ್ದು ಇದೇ ಉತ್ಸಾಹದ ಇನ್ನೊಂದು ರೂಪ. ಪುಸ್ತಕಮಾಲೆಗೂ ಬಾನುಲಿಗೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ. ಬಾನುಲಿಯ ಮಾತು ಏಕಕಾಲಕ್ಕೆ ಹೆಚ್ಚು ಜನರನ್ನು ಮುಟ್ಟಿತು. ಆದರೆ ಮಾತನಾಡಿದವನು ತನ್ನ ಬರೆಹವನ್ನು ಕಾದಿಡದಿದ್ದರೆ ಅದರ ಆಯುಸ್ಸು ಕೇಳಿದ ಗಳಿಗೆಯಷ್ಟೇ.

ಧಾರವಾಡದಲ್ಲಿ ಮುಂಬಯಿ ಸರ್ಕಾರವು 1939ರಲ್ಲಿ ಸ್ಥಾಪಿಸಿದ ಕನ್ನಡ ಸಂಶೋಧನ ಸಂಸ್ಥೆ ಆರ್.ಎಸ್. ಪಂಚಮುಖಿಯವರ ನಿರ್ದೇಶನದಲ್ಲಿ ಸಂಶೋಧನ ಉಪನ್ಯಾಸಗಳನ್ನು ಏರ್ಪಡಿಸಿ ಮಾಲೆಯಾಗಿ ಪ್ರಕಟಿಸಿತು. 1949ರಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಈ ಕಾರ್ಯ ಪ್ರಸಾರಾಂಗದ ಮೂಲಕ ಮುಂದುವರಿಯಿತು. ಕವಿ ಚೆನ್ನವೀರ ಕಣವಿಯವರು ದೀರ್ಘಕಾಲ ಅದರ ನಿರ್ದೇಶಕರಾಗಿದ್ದರು. ಉಪನ್ಯಾಸಗಳನ್ನು ಕಿರುಪುಸ್ತಕಗಳಾಗಿ ಹೊರತಂದ ಅಲ್ಲಿನ ಉಪನ್ಯಾಸ ಗ್ರಂಥಮಾಲೆ ಕನ್ನಡ ಓದುಗರಿಗೆ ಪರಿಚಿತವಾದುದು.

ಮೈಸೂರಿನಲ್ಲಿ ಕುವೆಂಪು ಅವರು 1956ರಿಂದ 1960ರವರೆಗೆ ಕುಲಪತಿಗಳಾಗಿದ್ದರು. ವಿಶ್ವವಿದ್ಯಾನಿಲಯಕ್ಕೆ ಬೋಧನಾಂಗ, ಸಂಶೋಧನಾಂಗ, ಪ್ರಸಾರಾಂಗ ಎಂಬ ಮೂರು ಅಂಗಗಳಿರಬೇಕೆಂಬುದು ಅವರ ಕಲ್ಪನೆ. ಇಲ್ಲಿ ಶಬ್ದಗಳನ್ನು ಗಮನಿಸಬೇಕು. ‘ವಿಸ್ತರಣ’ ಎಂಬುದು ಇಂಗ್ಲಿಷ್ ಪದದ ನೇರ ಅನುವಾದ. ಒಳಗಿರುವುದನ್ನು ಹೊರಕ್ಕೆ ಚಾಚುವುದು ಅದರ ಅರ್ಥ. ‘ಪ್ರಚಾರ’ದಲ್ಲಿ ಒಂದು ಪಕ್ಷವನ್ನು ಎತ್ತಿ ಹಿಡಿಯುವ ಧ್ವನಿ ಸೇರಿಕೊಂಡಿದೆ. ‘ಪ್ರಸಾರಾಂಗ’ ಎಂದಾಗ ಜ್ಞಾನದ ಹರಡುವಿಕೆ ಶರೀರದ ಅವಯವವಾಗುತ್ತದೆ. ಬಿಡುವಿನ ವೇಳೆಯ ಉಪಕಾರವೆಂಬ ಭಾವನೆಗೆ ಅಲ್ಲಿ ಎಡೆಯಿಲ್ಲ. ಅಧ್ಯಾಪಕರ ಉತ್ಸಾಹವನ್ನು ಅವಲಂಬಿಸಿದ್ದ ಕೆಲಸಕ್ಕೆ ಸಿಬ್ಬಂದಿ, ಅನುದಾನ, ಮುದ್ರಣಾಲಯಗಳ ಬೆಂಬಲ ದೊರೆತಾಗಲೇ ಅದು ಸಂಸ್ಥೆಯ ಕೆಲಸವಾಗುತ್ತದೆ. ಕರ್ನಾಟಕದ ಇತರ ವಿಶ್ವವಿದ್ಯಾನಿಲಯಗಳಲ್ಲಿಯೂ ಇದೇ ಹೆಸರು ರೂಢಿಗೆ ಬಂದಿತು. 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಘಟಿಕೋತ್ಸವವನ್ನೇ ‘ನುಡಿಹಬ್ಬ’ವೆಂದು ಕರೆದು ವಿದ್ವತ್ಸಭೆಗೂ ಜನರ ಹಬ್ಬಕ್ಕೂ ಇರುವ ಅಂತರವನ್ನು ಕುಗ್ಗಿಸಲು ಯತ್ನಿಸಿತು.

ಈ ಪರಂಪರೆಯ ಮಿತಿಯನ್ನೂ ಹೇಳಬೇಕು. ಪ್ರಚಾರೋಪನ್ಯಾಸದಲ್ಲಿ ಮಾತು ಒಂದೇ ದಿಕ್ಕಿಗೆ ಹರಿಯಿತು. ಅಧ್ಯಾಪಕನು ಹೇಳಿದ್ದು ಮುದ್ರಣವಾಯಿತು. ಹಳ್ಳಿಯವನು ಎತ್ತಿದ ಪ್ರಶ್ನೆ ಮುದ್ರಣವಾಗಲಿಲ್ಲ. ಗೋಷ್ಠಿಯೆಂಬ ಹಳೆಯ ಶಬ್ದದಲ್ಲಿ ಮಾತಿಗೆ ಮರುಮಾತು ಉಂಟು. ಶೂನ್ಯಸಂಪಾದನೆಯ ಸಂಕಲನಕಾರರು ಅಲ್ಲಮನ ಪ್ರಶ್ನೆಗಳಷ್ಟೇ ಮಹತ್ತ್ವವನ್ನು ಮುಕ್ತಾಯಕ್ಕನ, ಅಕ್ಕಮಹಾದೇವಿಯ ಉತ್ತರಗಳಿಗೂ ಕೊಟ್ಟಿದ್ದಾರೆ. ಈ ದೃಷ್ಟಿಯಿಂದ ನಮ್ಮ ಮುದ್ರಿತ ಉಪನ್ಯಾಸಮಾಲೆಗಳು ಆ ಮಧ್ಯಕಾಲೀನ ಸಂಕಲನಕ್ಕಿಂತ ಹಿಂದಿವೆ.

6

ಇನ್ನು ಹೊರನಾಡಿನ ವಿಷಯ. ರಾಜ್ಯದ ಹೊರಗೆ ಕನ್ನಡ ವಿದ್ವತ್ತು ಬೆಳೆದ ರೀತಿ ಸಾಮಾನ್ಯವಾದುದಲ್ಲ. ಮದರಾಸು ವಿಶ್ವವಿದ್ಯಾನಿಲಯದ ಕನ್ನಡ ವಿಭಾಗವು ಎ. ವೆಂಕಟರಾವ್ ಮತ್ತು ಎಚ್. ಶೇಷ ಅಯ್ಯಂಗಾರ್ ಅವರ ಸಂಪಾದಕತ್ವದಲ್ಲಿ 1930ರಲ್ಲಿ ಕವಿರಾಜಮಾರ್ಗವನ್ನು ಹೊರತಂದಿತು. ಅದೇ ವಿಶ್ವವಿದ್ಯಾನಿಲಯದಿಂದ ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಕಿಟ್ಟೆಲ್ ನಿಘಂಟು ಪ್ರಕಟವಾಯಿತು. ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಕೆ.ಜಿ. ಕುಂದಣಗಾರ, ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ರಂ.ಶ್ರೀ. ಮುಗಳಿ, ಸೊಲ್ಲಾಪುರದ ಕಾಲೇಜಿನಲ್ಲಿ ದ.ರಾ. ಬೇಂದ್ರೆ, ಉಸ್ಮಾನಿಯಾದಲ್ಲಿ ಡಿ.ಕೆ. ಭೀಮಸೇನರಾವ್ ಇವರೆಲ್ಲ ಕನ್ನಡವನ್ನು ಬೋಧಿಸಿದವರು. ಮುಂಬಯಿ ವಿಶ್ವವಿದ್ಯಾನಿಲಯದ ಕನ್ನಡ ವಿಭಾಗ 1978ರಲ್ಲಿ ಸ್ಥಾಪನೆಯಾಯಿತು. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದ ಕನ್ನಡ ಪೀಠ 2015ರಲ್ಲಿ. ಆವರಣದ ಹೊರಗೆ 1926ರ ಮುಂಬಯಿಯ ಮೈಸೂರು ಅಸೋಸಿಯೇಷನ್, 1933ರ ಮುಂಬಯಿ ಕರ್ನಾಟಕ ಸಂಘ, 1948ರ ದೆಹಲಿ ಕರ್ನಾಟಕ ಸಂಘ ಮೊದಲಾದವು ಉಪನ್ಯಾಸ, ನಾಟಕ, ಯಕ್ಷಗಾನಗಳಿಗೆ ಆಸರೆಯಾದವು.

ಮದರಾಸಿನ ಕವಿರಾಜಮಾರ್ಗವೂ ನಿಘಂಟೂ ಇಂದಿಗೂ ನಮ್ಮ ಮೇಜಿನ ಮೇಲಿವೆ. ಈ ಊರುಗಳಲ್ಲಿ ಆಡಿದ ಮಾತುಗಳ ಗತಿಯೇ ಬೇರೆ. ಕರ್ನಾಟಕದ ವಿಶ್ವವಿದ್ಯಾನಿಲಯಗಳಿಗೆ ಪ್ರಸಾರಾಂಗವಿದ್ದಂತೆ ಹೊರನಾಡಿನ ಕನ್ನಡ ವಿಭಾಗಗಳಿಗೆ ತಮ್ಮದೇ ಆದ ಪ್ರಸಾರಾಂಗವಿಲ್ಲ. ಒಬ್ಬಿಬ್ಬರು ಅಧ್ಯಾಪಕರು, ಊರಿನ ಸಂಘದ ಕಾರ್ಯಕರ್ತರು, ಒಂದು ಎರವಲು ಸಭಾಂಗಣ ಇಷ್ಟರಿಂದ ಸಭೆ ನಡೆಯುತ್ತದೆ. ಕರ್ನಾಟಕದಿಂದ ಬಂದ ವಿದ್ವಾಂಸರು ಮಾತನಾಡಿ ರೈಲು ಹತ್ತುತ್ತಾರೆ. ಉಳಿಯುವುದು ಆಹ್ವಾನ ಪತ್ರಿಕೆ, ಒಂದು ಭಾವಚಿತ್ರ, ಸ್ಮರಣ ಸಂಚಿಕೆಯಲ್ಲಿ ಒಂದು ಸಾಲು. ವಕ್ತಾರರ ಹೆಸರು ದೊರೆತರೆ ವಿಷಯ ದೊರೆಯುವುದಿಲ್ಲ. ವಿಷಯ ದೊರೆತರೆ ದಿನಾಂಕ ದೊರೆಯುವುದಿಲ್ಲ. ಅಧ್ಯಾಪಕರು ನಿವೃತ್ತರಾದಾಗ ಕಡತವೂ ಅವರೊಂದಿಗೆ ಮನೆಗೆ ಹೋಗುತ್ತದೆ. ಮನೆ ಬದಲಾಯಿಸುವಾಗ ರದ್ದಿಗೆ ಹೋಗುತ್ತದೆ.

ಇಂಥ ಕಾಗದಗಳ ಬೆಲೆಯನ್ನು ನಮಗೆ ತಿಳಿಸಿಕೊಟ್ಟವರು ಮುಂಬಯಿ ವಿಶ್ವವಿದ್ಯಾನಿಲಯದ ಕನ್ನಡ ವಿಭಾಗದ ಮುಖ್ಯಸ್ಥರಾಗಿದ್ದ ಶ್ರೀನಿವಾಸ ಹಾವನೂರರು. 1974ರಲ್ಲಿ ಪ್ರಕಟವಾದ ಅವರ ‘ಹೊಸಗನ್ನಡದ ಅರುಣೋದಯ’ ಹತ್ತೊಂಬತ್ತನೆಯ ಶತಮಾನದ ಕನ್ನಡ ಸಾಹಿತ್ಯದ ಚಿತ್ರವನ್ನೇ ಬದಲಿಸಿತು. ಅದಕ್ಕೆ ಆಧಾರವಾದವುಗಳಲ್ಲಿ ಶಾಲಾಪುಸ್ತಕ, ಮಿಷನರಿಗಳ ಪ್ರಕಟಣೆ, ಹಳೆಯ ಪತ್ರಿಕೆಗಳ ಸಂಚಿಕೆಗಳಂಥ, ಅಂದಿನವರು ಕಾಯಬೇಕೆಂದು ಭಾವಿಸದ ಸಾಮಗ್ರಿ ಬಹಳವಿದೆ. ಅವು ಅಲ್ಲೊಂದು ಇಲ್ಲೊಂದು ಗ್ರಂಥಾಲಯದಲ್ಲಿ ಉಳಿದಿದ್ದರಿಂದ ಆ ಕೃತಿ ಸಾಧ್ಯವಾಯಿತು. ಇಪ್ಪತ್ತನೆಯ ಶತಮಾನದ ಹೊರನಾಡ ಕನ್ನಡದ ಚರಿತ್ರೆಯನ್ನು ಬರೆಯಲು ನಾಳೆ ಒಬ್ಬ ಹಾವನೂರರು ಬಂದರೆ ಅವರ ಕೈಗೆ ನಾವು ಏನನ್ನು ಕೊಡಬಲ್ಲೆವು?

7

ಧ್ವನಿಮುದ್ರಣ ಮತ್ತು ಅಂತರ್ಜಾಲ ಈ ಸಮಸ್ಯೆಯನ್ನು ಪರಿಹರಿಸಿವೆಯೆಂದು ಕೆಲವರು ವಾದಿಸಬಹುದು. 2020ರಲ್ಲಿ ಕೋವಿಡ್ ಕಾಲದಲ್ಲಿ ಸಭಾಂಗಣಗಳು ಮುಚ್ಚಿದಾಗ ಕನ್ನಡ ಉಪನ್ಯಾಸಗಳು ವೆಬಿನಾರ್ ರೂಪವನ್ನು ತಳೆದವು. ದೆಹಲಿಯ ಸಭೆಗೆ ಶಿವಮೊಗ್ಗದ ಕೇಳುಗನೂ ಚೆನ್ನೈಯ ವಿದ್ಯಾರ್ಥಿಯೂ ಒಟ್ಟಿಗೆ ಕೂಡುವಂತಾದದ್ದು ದೊಡ್ಡ ಲಾಭ. ಆದರೆ ಧ್ವನಿಮುದ್ರಿಕೆಯು ಗ್ರಂಥವಲ್ಲ. ಎರಡು ಗಂಟೆಯ ದೃಶ್ಯಮುದ್ರಿಕೆಯಲ್ಲಿ ಒಂದು ಶಾಸನದ ಉಲ್ಲೇಖ ಎಲ್ಲಿ ಬಂದಿತೆಂದು ಹುಡುಕುವುದು ಕಷ್ಟ; ಅದನ್ನು ಪ್ರಬಂಧದಲ್ಲಿ ಉಲ್ಲೇಖಿಸುವುದು ಇನ್ನೂ ಕಷ್ಟ. ಶೀರ್ಷಿಕೆಯಲ್ಲಿ ವಕ್ತಾರರ ಹೆಸರಿಲ್ಲದೆ ಕೇವಲ ‘ವಿಶೇಷ ಉಪನ್ಯಾಸ’ ಎಂದಿದ್ದರೆ ಅದು ಇದ್ದೂ ಇಲ್ಲದಂತೆ. ಖಾತೆಯನ್ನು ತೆರೆದ ವಿದ್ಯಾರ್ಥಿಯು ಊರು ಬಿಟ್ಟ ಮೇಲೆ ಅದನ್ನು ನಿರ್ವಹಿಸುವವರಿರುವುದಿಲ್ಲ. ಓಲೆಗೆ ಗೆದ್ದಲು ಹೇಗೋ, ಯಂತ್ರದ ನೆನಪಿಗೂ ಅದರದೇ ಗೆದ್ದಲುಂಟು.

ಆದ್ದರಿಂದ ಹೊರನಾಡಿನ ಕನ್ನಡ ವಿಭಾಗಗಳೂ ಪೀಠಗಳೂ ಕೈಗೊಳ್ಳಬಹುದಾದ ಕೆಲವು ಕ್ರಮಗಳನ್ನು ಇಲ್ಲಿ ಸೂಚಿಸುತ್ತೇನೆ. ಇವುಗಳಿಗೆ ಹೆಚ್ಚಿನ ಹಣ ಬೇಕಿಲ್ಲ.

ಮೊದಲನೆಯದಾಗಿ, ಪ್ರತಿಯೊಂದು ವಿಭಾಗವೂ ಒಂದು ಸಭಾ ವಹಿಯನ್ನು ಇಡಬೇಕು. ದಿನಾಂಕ, ಸ್ಥಳ, ವಕ್ತಾರರು, ವಿಷಯ, ಅಧ್ಯಕ್ಷರು, ಮಾತಿನ ಭಾಷೆ, ಸುಮಾರು ಎಷ್ಟು ಮಂದಿ ಬಂದಿದ್ದರು, ಯಾವ ಪ್ರಶ್ನೆಗಳು ಬಂದವು ಎಂಬುದನ್ನು ಸಭೆ ಮುಗಿದ ದಿನವೇ ಬರೆಯಬೇಕು. ಆ ವಹಿ ವ್ಯಕ್ತಿಯ ಸ್ವತ್ತಾಗದೆ ವಿಭಾಗದ ಸ್ವತ್ತಾಗಿರಬೇಕು. ಕಾವ್ಯವಾಚನ, ಯಕ್ಷಗಾನ, ನಾಟಕಗಳಾದರೆ ಪ್ರಸಂಗದ ಹೆಸರು, ಬಳಸಿದ ಪಾಠ, ಭಾಗವಹಿಸಿದವರ ವಿವರ ಇವು ಉಪನ್ಯಾಸದ ವಿವರದಷ್ಟೇ ಮುಖ್ಯ. ‘ಅನಂತರ ಸಾಂಸ್ಕೃತಿಕ ಕಾರ್ಯಕ್ರಮ ಜರುಗಿತು’ ಎಂಬ ವಾಕ್ಯದಿಂದ ಸಂಶೋಧಕನಿಗೆ ಯಾವ ಪ್ರಯೋಜನವೂ ಇಲ್ಲ.

ಎರಡನೆಯದಾಗಿ, ವಕ್ತಾರರನ್ನು ಆಹ್ವಾನಿಸುವಾಗಲೇ ನಾಲ್ಕೈದು ಪುಟಗಳ ಲಿಖಿತ ಸಾರಾಂಶವನ್ನು ಕೋರಬೇಕು. ಸ್ಟುವರ್ಟನ ಮುದ್ರಿತ ಹಾಳೆ 150 ವರ್ಷಗಳ ಹಿಂದೆ ಮಾಡಿದ್ದು ಇದನ್ನೇ. ಧ್ವನಿಮುದ್ರಿಕೆಯಿದ್ದರೆ ಅದನ್ನು ಅಕ್ಷರಕ್ಕಿಳಿಸುವ ಕೆಲಸವನ್ನು ಸ್ನಾತಕೋತ್ತರ ವಿದ್ಯಾರ್ಥಿಗಳ ಅಭ್ಯಾಸದ ಭಾಗವನ್ನಾಗಿ ಮಾಡಬಹುದು. ಮಾತಿನ ಕನ್ನಡವನ್ನು ಬರೆಹದ ಕನ್ನಡಕ್ಕೆ ತಿರುಗಿಸುವುದು ಗ್ರಂಥಸಂಪಾದನೆಯ ಮೊದಲ ಪಾಠವೂ ಆಗುತ್ತದೆ.

ಮೂರನೆಯದಾಗಿ, ಊರಿನ ಸಂಘಸಂಸ್ಥೆಗಳಲ್ಲಿಯೂ ನಿವೃತ್ತ ಅಧ್ಯಾಪಕರ ಮನೆಗಳಲ್ಲಿಯೂ ಇರುವ ಆಹ್ವಾನ ಪತ್ರಿಕೆ, ಸ್ಮರಣ ಸಂಚಿಕೆ, ನಡಾವಳಿ ಪುಸ್ತಕಗಳ ಪ್ರತಿಗಳನ್ನು ಸಂಗ್ರಹಿಸಬೇಕು. ಒಂದೇ ಕಡೆ ಇಡದೆ ಕನಿಷ್ಠ ಎರಡು ಗ್ರಂಥಾಲಯಗಳಲ್ಲಿ, ಸಾಧ್ಯವಾದರೆ ಒಂದನ್ನು ಕರ್ನಾಟಕದಲ್ಲಿ, ಇಡಬೇಕು. ಅತ್ತಿಮಬ್ಬೆಯ 1000 ಪ್ರತಿಗಳ ತರ್ಕವನ್ನು ಎರಡು ಪ್ರತಿಗಳ ಮಟ್ಟಿಗಾದರೂ ನಾವು ಪಾಲಿಸಬಹುದು.

ನಾಲ್ಕನೆಯದಾಗಿ, ದತ್ತಿಯನ್ನು ಸ್ವೀಕರಿಸುವಾಗ ಅದರ ಕರಾರಿನಲ್ಲಿಯೇ ದಾಖಲೆಯ ವೆಚ್ಚವನ್ನು ಸೇರಿಸಬೇಕು. ಇಂದಿನ ದತ್ತಿ ಉಪನ್ಯಾಸಗಳಲ್ಲಿ ವಕ್ತಾರರ ಸಂಭಾವನೆ, ಪ್ರಯಾಣ, ಹಾರ, ಉಪಾಹಾರ ಇವುಗಳಿಗೆ ಲೆಕ್ಕವಿರುತ್ತದೆ. ಮುದ್ರಣಕ್ಕೆ ಅನೇಕ ವೇಳೆ ಇರುವುದಿಲ್ಲ. ಸಾಲೊಟಗಿಯ ದಾನಿಗಳು ವಿದ್ಯಾರ್ಥಿಗಳ ಊಟಕ್ಕೆ 500 ನಿವರ್ತನ ಬಿಟ್ಟಾಗ ದೀಪಕ್ಕೆ 12 ನಿವರ್ತನ ಬಿಡುವುದನ್ನು ಮರೆಯಲಿಲ್ಲ. ಪಾಲು ಚಿಕ್ಕದು, ಅದಿಲ್ಲದಿದ್ದರೆ ಸಂಜೆಯ ಪಾಠವಿಲ್ಲ. ದಾಖಲೆಯ ವೆಚ್ಚವನ್ನೂ ಈ ಬಗೆಯಲ್ಲಿಯೇ ಪರಿಗಣಿಸಬೇಕು.

ಕೊನೆಯದಾಗಿ, ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ವರ್ಷದಲ್ಲಿ ನಡೆದ ಕನ್ನಡ ಉಪನ್ಯಾಸ ಮತ್ತು ಪ್ರದರ್ಶನಗಳ ಪಟ್ಟಿಯೊಂದನ್ನು ಇಂಥ ಸಂಶೋಧನ ಪತ್ರಿಕೆಗಳು ವರ್ಷಕ್ಕೊಮ್ಮೆ ಪ್ರಕಟಿಸಬೇಕು. ಆಯಾ ಊರಿನ ಒಬ್ಬ ಅಧ್ಯಾಪಕರು ಜನವರಿಯಲ್ಲಿ ಹಿಂದಿನ ವರ್ಷದ ವಿವರವನ್ನು ಕಳುಹಿಸಿದರೆ ಈ ಕೆಲಸ ಸಾಗುತ್ತದೆ. ಮೊದಲ ವರ್ಷದ ಪಟ್ಟಿ ಅಪೂರ್ಣವಾಗಿಯೇ ಇರುತ್ತದೆ. ಕವಿಚರಿತೆಯೂ ಒಂದೇ ಸಲಕ್ಕೆ ಪೂರ್ಣವಾದ ಗ್ರಂಥವಲ್ಲ. ಅದರ ಮೊದಲ ಸಂಪುಟ 1907ರಲ್ಲಿ, ಮೂರನೆಯದು 1929ರಲ್ಲಿ ಹೊರಬಂದವು. ಬಿಟ್ಟುಹೋದದ್ದನ್ನು ಮುಂದಿನವರು ಸೇರಿಸಬೇಕಾದರೆ ಸೇರಿಸಲು ಒಂದು ಮೊದಲ ಪಟ್ಟಿಯಾದರೂ ಇರಬೇಕು.